ಕೋಲ್ಕತ್ತದಲ್ಲಿ ಹಳಿಯ ಕೂಗು

ಹೌರಾ ಬರುವ ಮೊದಲು

ಇನ್ನೇನು ಹೌರಾ ಬಂತು ಅನ್ನುವಾಗ ರೈಲು ನಿಂತುಬಿಟ್ಟಿತು. ಬೋಗಿಯವರೆಲ್ಲ ಚೀಲ ಇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಿನ ತನಕ ಸಾಲಾಗಿ ನಿಂತಾಗಿತ್ತು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ನಮ್ಮ ಹುಬ್ಬಳ್ಳಿ ಕಡೆಯಾಗಿದ್ದರೆ ಇಷ್ಟರಲ್ಲಿ ಡ್ರೈವರಿನಿಂದ ಹಿಡಿದು ಮಂತ್ರಿಯ ತನಕ ಎಲ್ಲರನ್ನೂ ಬೈದು ಮುಗಿಸಿರುತ್ತಿದ್ದರು. ಇಲ್ಲಿ ಮಂಕಿ ಟೋಪಿ ಹಾಕಿಕೊಂಡ ಅಜ್ಜನೊಬ್ಬ ನಿಂತಲ್ಲಿಯೇ ಪಕ್ಕದವನೊಡನೆ ವಾದಕ್ಕೆ ಬಿದ್ದ. ಇಬ್ಬರ ದನಿಯೂ ಏರಿತು. ಆಸ್ತಿ ಜಗಳವೇ ಇರಬೇಕೆಂದು ಗಾಬರಿಯಾಗಿ ಎದುರಿನ ಹೆಂಗಸನ್ನು ಹಿಂದಿಯಲ್ಲಿ ಕೇಳಿದೆ. ಸಾಸಿವೆ ಅರೆದು ಮಾಡುವ ಸಾರಿಗೆ ಯಾವ ಮೀನು ಸರಿ ಎಂಬುದು ವಿಷಯವಂತೆ.

ನಾನು ಕಿಟಕಿಯ ಕಡೆ ತಿರುಗಿದೆ. ಪಕ್ಕದ ಹಳಿಯ ಮೇಲೆ ಕೆಲಸ ನಡೆದಿತ್ತು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಏಳೆಂಟು ಜನ, ಜೊತೆಗೊಂದು ಹಳದಿ ಯಂತ್ರ. ಯಂತ್ರವೇ ಹಳಿ ಎತ್ತುತ್ತಿತ್ತು, ಯಂತ್ರವೇ ಜಲ್ಲಿ ತುರುಕುತ್ತಿತ್ತು. ಜನ ಸುಮ್ಮನೆ ನಿಂತು ನೋಡುತ್ತಿದ್ದರು. ಯಾರೂ ಕೂಗುತ್ತಿರಲಿಲ್ಲ.

ಈ ಕೂಗು ಅಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಇಷ್ಟು ದೂರ ಬಂದದ್ದು ನಿಮಗೆ ಹುಚ್ಚಾಟ ಅನ್ನಿಸೀತು. ನನ್ನ ಅಪ್ಪ ದಾನಿಯೇಲಪ್ಪ ರೈಲ್ವೆಯಲ್ಲಿ ಗ್ಯಾಂಗ್ ಮೇಟ್ ಆಗಿದ್ದ, ಅಂದರೆ ಹಳಿ ರಿಪೇರಿ ಮಾಡುವ ಒಂದು ಗುಂಪಿನ ಮುಖಂಡ. ಹಳಿ ಸೊಟ್ಟಗಾದಲ್ಲಿ ಗ್ಯಾಂಗಿನವರು ಸಾಲಾಗಿ ನಿಂತು ಅದರಡಿಗೆ ಹಾರೆ ಹಾಕುತ್ತಿದ್ದರು. ಅಪ್ಪ ದೂರದಲ್ಲಿ ಮೊಣಕಾಲೂರಿ, ಹಳಿಯ ಮಟ್ಟಕ್ಕೆ ಕಣ್ಣು ಹಚ್ಚಿ ನೋಡಿ, ಒಂದು ಸಾಲು ಕೂಗುತ್ತಿದ್ದ. ಅವರು ‘ಹೈಸಾ’ ಎಂದು ಓಗೊಟ್ಟು ಎಲ್ಲರೂ ಒಟ್ಟಿಗೆ ಮೀಟುತ್ತಿದ್ದರು. ಸಾಲುಗಳೆಲ್ಲ ಅಪ್ಪ ನಿಂತಲ್ಲೇ ಕಟ್ಟಿದವು.

‘ಸಾಹೇಬ ಬಂದಾನೋ...’

‘ಹೈಸಾ!’

‘ಮೀಸೀ ತಿರುವ್ಯಾನೋ...’

‘ಹೈಸಾ!’

‘ನಮ್ಮ ಸುಶೀ ಸಾಲೀಗೆ ಹೊಂಟಾಳೋ...’

‘ಹೈಸಾ!’

ಸುಶೀ ಅಂದರೆ ನಾನೇ, ಸುಶೀಲಾ. ಶಾಲೆಗೆ ಹೊರಟವಳು ಮುಂದೆ ಅಲ್ಲಿಯೇ ಗಣಿತ ಕಲಿಸುತ್ತ ಉಳಿದು, ಹೋದ ವರ್ಷ ನಿವೃತ್ತಳಾದೆ.

ಈ ಕೂಗಿಗೆ ಎರಡು ಕಟ್ಟಳೆ ಇದ್ದವು. ಹೈಸಾ ಅನ್ನದವನ ಕೈ ಹಾರೆಯ ಮೇಲಿಲ್ಲ ಎಂದೇ ಅರ್ಥ. ಒಬ್ಬನ ಕೈ ಸಡಿಲಾದರೂ ಹಾರೆ ಸಿಡಿದು ಪಕ್ಕದವನ ದವಡೆ ಮುರಿಯುತ್ತದೆ. ಆದ್ದರಿಂದ ಎಲ್ಲರ ದನಿ ಕೇಳುವ ತನಕ ಅಪ್ಪ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಇನ್ನೊಂದು, ಹಳಿ ನೆಟ್ಟಗಾಗಿ ಅಪ್ಪ ‘ಆತು, ಬಿಡ್ರೆಪಾ’ ಅನ್ನುವ ತನಕ ಯಾರೂ ಹಾರೆ ಬಿಡುವಂತಿಲ್ಲ. ನಮ್ಮ ಮನೆಯಲ್ಲೂ ಇದೇ ರಿವಾಜು. ನೀರಿನ ಹಂಡೆ ಎತ್ತುವುದಿರಲಿ, ಕಪಾಟು ಸರಿಸುವುದಿರಲಿ, ಅಪ್ಪ ಕೂಗಬೇಕು, ನಾನೂ ತಂಗಿಯೂ ಹೈಸಾ ಅನ್ನಬೇಕು, ಅವನು ಬಿಡಿ ಅಂದಮೇಲೆಯೇ ಕೈ ತೆಗೆಯಬೇಕು.

ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವನ ದನಿ ಕೋಲ್ಕತ್ತದಲ್ಲಿ ಇದೆ ಎಂದು ನಮಗೆ ಗೊತ್ತಾದದ್ದು ಹೋದ ತಿಂಗಳು.

ಲೇಕ್ ಮಾರ್ಕೆಟ್

ತಂಗಿಯ ಮಗಳು ಅನು ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಲೇಕ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಅವಳ ಕೋಣೆ. ಓಣಿ ಅಂದರೆ ತಿದ್ದುತ್ತಾಳೆ, ‘ಪಾಡಾ ಅನ್ನಬೇಕು ದೊಡ್ಡವ್ವ.’ ಪಾಡಾದವರಿಗೆ ನಾನು ಬರುವುದು ನನಗಿಂತ ಮೊದಲೇ ಗೊತ್ತಿತ್ತು. ಮೆಟ್ಟಿಲು ಹತ್ತುವುದರೊಳಗೆ ಮೂವರು ಹೆಂಗಸರು ಬಾಗಿಲು ತೆರೆದು ನನ್ನನ್ನು ನೋಡಿ, ಊಟವಾಯಿತೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅನುವಿಗೆ ಏನೇನೋ ಅಡುಗೆ ಹೇಳಿಕೊಟ್ಟರು.

ಮಧ್ಯಾಹ್ನ ರೊಟ್ಟಿ ಬಡಿದು ತೋರಿಸುತ್ತೇನೆಂದು ಜಂಬದಿಂದ ಮಾರ್ಕೆಟ್ಟಿಗೆ ಹೋದೆ. ನಮ್ಮ ದಕ್ಷಿಣದ ಸಾಮಾನಿನ ಅಂಗಡಿಗಳು ಅಲ್ಲಿ ಸಾಲಾಗಿವೆ. ಬಾಳೆ ಎಲೆ, ಕರಿಬೇವು, ಕಾಫಿ ಪುಡಿ, ಹಪ್ಪಳ, ಎಲ್ಲಾ ಉಂಟು. ಅಂಗಡಿಯವರು ತಮಿಳರು. ಜೋಳದ ಹಿಟ್ಟು ಎಂದು ನಾನು ಮೂರು ಭಾಷೆಯಲ್ಲಿ ಕೇಳಿದೆ. ಅವರು ಬಹಳ ವಿಶ್ವಾಸದಿಂದ ಒಂದು ಪೊಟ್ಟಣ ಕಟ್ಟಿಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ಮೆಕ್ಕೆಜೋಳದ ಹಿಟ್ಟು. ಬಡಿದದ್ದೆಲ್ಲ ಹರಿದು ಚೂರಾಯಿತು. ಅನು ಆ ಚೂರುಗಳನ್ನೇ ಚಟ್ನಿಪುಡಿಗೆ ಒತ್ತಿಕೊಂಡು ತಿಂದಳು.

‘ದೊಡ್ಡವ್ವ, ನಾ ಕಳಿಸಿದ್ದು ಕೇಳಿದಿ?’ ಎಂದಳು.

‘ಇಲ್ಲ.’

‘ಇನ್ನೂ ಇಲ್ಲಾ? ಮೂರು ವಾರ ಆತು!’

‘ಕೇಳತೀನಿ ಬಿಡ’ ಎಂದು ಎದ್ದು ತವೆ ತಿಕ್ಕತೊಡಗಿದೆ.

ಆದದ್ದು ಇಷ್ಟು. ನಾನು ಒಂದನೇ ಇಯತ್ತೆಯಲ್ಲಿ ಇದ್ದಾಗ ಯಾರೋ ಸಂಶೋಧಕರು ದೇಶ ಸುತ್ತಿ ದುಡಿಯುವವರ ಹಾಡುಗಳನ್ನು ಸ್ಪೂಲ್ ಟೇಪಿನಲ್ಲಿ ಹಿಡಿದಿದ್ದರಂತೆ. ಆ ಡಬ್ಬಿಗಳು ಇಲ್ಲಿನ ಒಂದು ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿದ್ದವು. ಈ ಊರಿನದೊಂದು ಬ್ಯಾಂಡ್ ಅವನ್ನು ಕೇಳಿ, ಒಂದನ್ನು ತಮ್ಮ ಹಾಡಿನೊಳಗೆ ಸೇರಿಸಿಕೊಂಡಿತು. ಮಾತು ಯಾವ ಭಾಷೆಯದೆಂದು ತಿಳಿಯಲು ಅನುವನ್ನು ಕರೆಸಿದರು. ಡಬ್ಬಿಯ ಮೇಲೆ ‘ಹುಬ್ಬಳ್ಳಿ, ಮೇಟ್ ದಾನಿಯೇಲಪ್ಪ’ ಎಂದು ಬರೆದಿತ್ತು. ಹುಡುಗಿ ಅಲ್ಲಿಯೇ ಅತ್ತುಬಿಟ್ಟಳಂತೆ. ಮನೆಯವರು ಬಂದು ಕೇಳಿ ಒಪ್ಪಿದರೆ ಮಾತ್ರ ವೇದಿಕೆಯ ಮೇಲೆ ನುಡಿಸುತ್ತೇವೆ, ಬೇಡವೆಂದರೆ ಇಲ್ಲ ಎಂದು ಬ್ಯಾಂಡಿನವರು ಹೇಳಿ ಕಳಿಸಿದರು. ತಂಗಿಗೆ ಮೊಣಕಾಲು ನೋವು. ‘ನೀ ಹೋಗಿ ಬಾ ಅಕ್ಕಾ, ನೀ ಏನ್ ಅಂತಿ ಅದೇ ನನ್ನ ಮಾತು’ ಎಂದಳು.

ಟೇಪಿನ ಪ್ರತಿಯನ್ನು ಅನು ಅಂದೇ ನನ್ನ ಫೋನಿಗೆ ಕಳಿಸಿದ್ದಳು. ನಾನು ಒತ್ತಿರಲಿಲ್ಲ. ಯಾಕೆಂದು ತಂಗಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಅಪ್ಪ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಲ್ಲಿದ್ದ. ಬೆನ್ನು ಹುಣ್ಣಾಗಬಾರದೆಂದು ಆಯಾ ಮತ್ತು ನಾನು ಸೇರಿ ಹೊತ್ತುಹೊತ್ತಿಗೆ ಅವನನ್ನು ಮಗ್ಗುಲು ಹೊರಳಿಸುತ್ತಿದ್ದೆವು. ಒಂದು ದಿನ ಹಾಗೆ ಎತ್ತುವಾಗ, ನಾಲಗೆ ಹೊರಳದ ಆ ಬಾಯಲ್ಲಿ ಅಪ್ಪ ಕೂಗಿದ, ‘ನಮ್ಮ ಸುಶೀ ಸಾಲೀಗೆ ಹೊಂಟಾಳೋ...’ ಕೂಗಿ ನನ್ನ ಮುಖ ನೋಡಿದ. ವಾರ್ಡಿನ ಮಂದಿಯೆಲ್ಲ ತಿರುಗಿ ನೋಡಿದರು. ಎದುರು ಮಂಚದ ರೋಗಿಯ ಮಗ ನನ್ನ ವಿದ್ಯಾರ್ಥಿ. ನನಗೆ ನಾಚಿಕೆಯಾಯಿತು. ‘ಸುಮ್ನ ಇರಪಾ, ಮಂದಿ ನೋಡಾಕತ್ತಾರ’ ಎಂದೆ. ಅಪ್ಪ ಸುಮ್ಮನಾದ. ಮರುದಿನ ಸಂಜೆ ಹೋದ. ನಾನು ಅವನಿಗೆ ಆಡಿದ ಕಡೆಯ ಮಾತು ಅದು.

ನ್ಯೂ ಟೌನ್

ಮರುದಿನ ಬ್ಯಾಂಡಿನವರು ತಾಲೀಮು ಮಾಡುವ ಜಾಗಕ್ಕೆ ಹೊರಟೆವು. ಹಳೆಯ ಊರನ್ನು ದಾಟಿ ನ್ಯೂ ಟೌನ್ ಬಂದರೆ ನಮ್ಮ ಬೆಂಗಳೂರಿನ ಹೊರವಲಯಕ್ಕೇ ಬಂದಂತಾಗುತ್ತದೆ. ಅಗಲ ರಸ್ತೆ, ಗಾಜಿನ ಕಚೇರಿಗಳು, ಕತ್ತು ಎತ್ತಿದರೂ ತುದಿ ಕಾಣದ ಮನೆಗಳು. ಕ್ಯಾಬಿನ ಚಾಲಕ ಎರಡು ಸಲ ದಾರಿ ತಪ್ಪಿದ. ದಾರಿ ಕೇಳಲು ಗಾಡಿ ನಿಲ್ಲಿಸಿದಲ್ಲೆಲ್ಲ ಐದಾರು ಜನ ಸೇರಿ, ತಮ್ಮತಮ್ಮಲ್ಲೇ ಒಪ್ಪಂದಕ್ಕೆ ಬಂದು, ಆಮೇಲೆ ಒಬ್ಬರು ಹೇಳುತ್ತಿದ್ದರು. ಆ ದಾರಿಯೂ ತಪ್ಪೇ.

ಕ್ಯಾಬಿನಲ್ಲಿ ಅನು ಬ್ಯಾಂಡಿನ ಪುರಾಣ ಹೇಳಿದಳು. ಅವರದು ಇಂಡೀ ಪಾಪ್ ಅಂತೆ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಕಟ್ಟಿಕೊಂಡ ಹಾಡು, ಅದರಲ್ಲೂ ಪ್ರಯೋಗ. ಟ್ರಾಮಿನ ಗಂಟೆ, ಬೆರಳಚ್ಚು ಯಂತ್ರ, ಮಕ್ಕಳ ಆಟಿಗೆ ಪಿಯಾನೋ, ಮಳೆ ನೀರು ಬೀಳುವ ತಗಡು, ಎಲ್ಲವೂ ಅವರಿಗೆ ವಾದ್ಯ.

‘ಇವರನ್ನ ಕೇಳಿ ಬೆಳೆದವರೇ ಈಗ ಗುವಾಹಟಿ, ಬೆಂಗಳೂರು, ಢಾಕಾದಾಗ ಬ್ಯಾಂಡ್ ಕಟ್ಟ್ಯಾರ, ದೊಡ್ಡವ್ವ. ನೀ ಸಣ್ಣ ಮಂದಿ ಅಂತ ತಿಳೀಬ್ಯಾಡ.’

‘ನಾ ಯಾಕ ತಿಳೀಲಿ? ನಿಮ್ಮಜ್ಜ ಹಾಡ್ಯಾನ ಅಂದಮ್ಯಾಲ ದೊಡ್ಡ ಮಂದೀನ’ ಎಂದೆ. ಚರ್ಚಿನಲ್ಲಿ ಅಪ್ಪ ಹಾಡಲು ಬಾಯಿ ತೆರೆದರೆ ಪಾದ್ರಿಗಳು ಅಪಸ್ವರ ತಾಳಲಾರದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದು ಅನುವಿಗೆ ಗೊತ್ತಿಲ್ಲ.

ಬ್ಯಾಂಡಿಗೊಂದು ಬಂಗಾಳಿ ಹೆಸರಿದೆ. ಇದ್ದಷ್ಟು ದಿನವೂ ನಾನು ಅದನ್ನು ತಪ್ಪಾಗಿಯೇ ಅಂದೆ, ಇಲ್ಲಿ ಬರೆದು ಇನ್ನಷ್ಟು ಕೆಡಿಸುವುದಿಲ್ಲ. ಹದಿನಾಲ್ಕನೆಯ ಮಹಡಿಯ ಕೋಣೆಯೊಂದರಲ್ಲಿ, ಗೋಡೆಗೆಲ್ಲ ಹಳೆ ಗಾದಿ ಬಡಿದು, ನಾಲ್ವರು ಕೂತಿದ್ದರು. ಮುಖಂಡ ಶುಭೋ, ಐವತ್ತು ದಾಟಿದವರು, ನರೆತ ಗಡ್ಡ. ಎಲ್ಲರೂ ಅವರನ್ನು ಶುಭೋದಾ, ಅಂದರೆ ಶುಭೋ ಅಣ್ಣ, ಅನ್ನುತ್ತಾರೆ. ನನ್ನನ್ನು ಕಂಡದ್ದೇ ಎದ್ದು ಬಂದು ಕಾಲು ಮುಟ್ಟಿದರು. ಡ್ರಮ್ ಬಾರಿಸುವ ಮಿಠು ಎಂಬ ಹುಡುಗಿ ಚಹಾ ತಂದಳು. ಇವರ ಭಾಷೆಯಲ್ಲಿ ಚಹಾ ಕುಡಿಯುವುದಿಲ್ಲ, ‘ತಿನ್ನುತ್ತಾರೆ’. ನನಗೂ ತಿನ್ನಿಸಿದರು.

‘ದಿದಿ, ನಿಮ್ಮ ತಂದೆಯ ದನಿ ಕೇಳಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ’ ಎಂದು ಶುಭೋದಾ ಇಂಗ್ಲಿಷಿನಲ್ಲಿ ಹೇಳಿದರು. ‘ಆದರೆ ಟೇಪಿನಲ್ಲಿ ಬಹಳ ಗದ್ದಲವಿತ್ತು. ಹಿಂದೆ ಯಾರ‍್ಯಾರೋ ಗಂಡಸರ ಕಿರುಚಾಟ. ಅದನ್ನೆಲ್ಲ ತೆಗೆದು, ಅವರ ದನಿಯೊಂದನ್ನೇ ಉಳಿಸಿಕೊಳ್ಳಲು ನಮಗೆ ತಿಂಗಳುಗಟ್ಟಲೆ ಹಿಡಿಯಿತು. ಈಗ ಶುದ್ಧವಾಗಿದೆ. ಅವರು ಒಂದು ಸಾಲು ಹಾಡುತ್ತಾರೆ, ಆಮೇಲೆ ಮೌನ. ಮತ್ತೊಂದು ಸಾಲು, ಮತ್ತೆ ಮೌನ. ಆ ಮೌನದ ಸುತ್ತಲೇ ಹಾಡು ಕಟ್ಟಿದ್ದೇವೆ.’

ನಾನು ತಲೆಯಾಡಿಸಿದೆ. ಸುತ್ತಿಗೆ ಸದ್ದು, ರಸ್ತೆಯ ಮೇಲೆ ಹೋಗುವವರ ಸದ್ದು ತೆಗೆದಿರಬೇಕು ಅಂದುಕೊಂಡೆ. ನನ್ನ ಲಕ್ಷ್ಯವೆಲ್ಲ ಅವರ ಬೆರಳಿನ ಕಡೆ ಇತ್ತು. ಅವರು ಗುಂಡಿ ಒತ್ತಿದರು. ಮೊದಲು ಸುಯ್ ಅನ್ನುವ ಗಾಳಿ. ಆಮೇಲೆ ಜಲ್ಲಿಯ ಮೇಲೆ ಹೆಜ್ಜೆಯ ಸದ್ದು, ಯಾರೋ ಮೊಣಕಾಲೂರಿ ಕೂತ ಸದ್ದು. ಯಾರೋ ಏನು, ಅಪ್ಪನೇ. ಉಸಿರು ಎಳೆದುಕೊಂಡದ್ದು ಕೇಳಿತು.

ನಾನು ಎದ್ದು ನಿಂತೆ. ‘ನಿಲ್ಲಿಸಿ’ ಎಂದೆ. ಕನ್ನಡದಲ್ಲೇ ಅಂದರೂ ಅವರಿಗೆ ತಿಳಿಯಿತು.

ನನಗೆ ಅಳು ಬರಲಿಲ್ಲ, ನನ್ನ ಮೇಲೆಯೇ ಸಿಟ್ಟು ಬಂತು. ಇಷ್ಟು ದೂರ ಬಂದದ್ದು ಚಹಾ ತಿನ್ನಲಿಕ್ಕೇನು? ನಾನೂ ಅಪ್ಪನೂ ಇಬ್ಬರೇ ಎದುರುಬದುರು ಕೂತ ಹಾಗಿದ್ದ ಆ ಸಣ್ಣ ಕೋಣೆಯಲ್ಲಿ ಅವನ ದನಿ ಕೇಳುವ ಧೈರ್ಯ ನನಗಿರಲಿಲ್ಲ, ಮಂದಿಯ ನಡುವೆಯಾದರೆ ಕೂತೇನು ಅನ್ನಿಸಿತು. ಮಂದಿ ನೋಡುತ್ತಾರೆಂದು ಹೆದರಿದವಳಿಗೆ ಈಗ ಮಂದಿಯೇ ಬೇಕಾಯಿತು.

‘ನಾಳೆಯ ಕಾರ್ಯಕ್ರಮದಲ್ಲಿ ನುಡಿಸಿ. ನಾನು ಅಲ್ಲೇ ಕೇಳುತ್ತೇನೆ’ ಎಂದೆ.

‘ನಿಮ್ಮನ್ನು ಮುಂದೆಯೇ ಕೂರಿಸುತ್ತೇನೆ, ದಿದಿ’ ಎಂದರು ಶುಭೋದಾ. ‘ತಾಳಲಾಗದಿದ್ದರೆ ಕೈ ಎತ್ತಿ. ಆ ಕ್ಷಣವೇ ನಿಲ್ಲಿಸುತ್ತೇನೆ. ಜನ ಏನು ಬೇಕಾದರೂ ಅಂದುಕೊಳ್ಳಲಿ.’

ಸಭಾಂಗಣ

ಮರುದಿನ ಸಂಜೆ ಐದಕ್ಕೇ ಸಂಗೀತ ಕಛೇರಿ. ಕಛೇರಿ ಅಂದದ್ದಕ್ಕೆ ಅನು ನಕ್ಕಳು. ಹಳೆಯ ಸಭಾಂಗಣ, ಎತ್ತರದ ಚಾವಣಿ, ಕುರ್ಚಿ ತೆಗೆಸಿ ಜಮಖಾನ ಹಾಸಿದ್ದರು. ಇಪ್ಪತ್ತರ ಹುಡುಗ ಹುಡುಗಿಯರ ಜೊತೆಗೆ ಸೀರೆ ಉಟ್ಟ ಅಜ್ಜಿಯರು, ಜುಬ್ಬಾ ತೊಟ್ಟ ಮೇಷ್ಟರುಗಳೂ ಇದ್ದರು. ನಾನು ಕಂಡ ಗದ್ದಲದ ಊರು ಇದೇನಾ ಅನ್ನುವ ಹಾಗೆ ಎಲ್ಲರೂ ಗಪ್‌ಚಿಪ್. ಇವರ ಹಾಡುಗಳ ನಡುವೆ ಚಪ್ಪಾಳೆ ತಟ್ಟಬಾರದು, ಫೋನು ತೆಗೆಯಬಾರದು, ಕೆಮ್ಮು ಬಂದರೆ ಎದ್ದು ಹೋಗಿ ಕೆಮ್ಮಿ ಬರಬೇಕು. ಯಾರೂ ಹಾಗೆಂದು ಬೋರ್ಡು ಹಾಕಿಲ್ಲ, ಬರುವವರೇ ಪಾಲಿಸಿಕೊಂಡು ಬಂದ ಪದ್ಧತಿ. ಮೊದಲ ಹಾಡು ಮುಗಿದಾಗ ಗೊತ್ತಿಲ್ಲದೆ ನಾನೊಬ್ಬಳೇ ಎರಡು ಸಲ ಚಪ್ಪಾಳೆ ತಟ್ಟಿ, ಅನುವಿನಿಂದ ತಿವಿಸಿಕೊಂಡೆ.

ಸಂಗೀತ ಅರ್ಥವಾಯಿತು ಅಂದರೆ ಸುಳ್ಳಾಗುತ್ತದೆ. ಕೆಲವು ಕಡೆ ಪಾತ್ರೆ ಬಿದ್ದ ಹಾಗೆ ಕೇಳಿತು. ಕೆಲವು ಕಡೆ ಎದೆ ತುಂಬಿ ಬಂತು, ಯಾಕೆಂದು ಕೇಳಿದರೆ ಹೇಳಲಾರೆ. ಕತ್ತಲಲ್ಲಿ ಪಕ್ಕದ ಅಜ್ಜಿ ಕಣ್ಣು ಮುಚ್ಚಿ ತೂಗುತ್ತಿದ್ದಳು.

ಆರನೆಯದು ಅಪ್ಪನದು. ಶುಭೋದಾ ನನ್ನ ಕಡೆ ನೋಡಿದರು. ನಾನು ಎರಡೂ ಕೈ ಮಡಿಲಲ್ಲಿ ಹಿಡಿದುಕೊಂಡೆ. ಗಾಳಿ, ಜಲ್ಲಿಯ ಹೆಜ್ಜೆ, ಉಸಿರು. ಆಮೇಲೆ ಆ ಎತ್ತರದ ಚಾವಣಿಯ ತುಂಬ ಅಪ್ಪನ ದನಿ.

‘ಸಾಹೇಬ ಬಂದಾನೋ...’

ಮೂವತ್ತು ವರ್ಷವೂ ತುಂಬದ ಗಂಡಸಿನ ದನಿ. ನಾನು ಮರೆತೇಬಿಟ್ಟಿದ್ದ ದನಿ. ಆಮೇಲೆ ಮೌನ. ವಾದ್ಯಗಳೂ ನಿಂತವು. ನೂರಾರು ಜನ ಉಸಿರು ಬಿಗಿಹಿಡಿದು ಆ ಮೌನವನ್ನು ಕೇಳಿದರು.

‘ಮೀಸೀ ತಿರುವ್ಯಾನೋ...’

ಮತ್ತೆ ಮೌನ. ಆಗ ನನಗೆ ತಿಳಿಯಿತು. ಅವರು ತೆಗೆದ ಕಿರುಚಾಟ ಯಾವುದೆಂದು ಗೊತ್ತಾಯಿತು. ಗ್ಯಾಂಗನ್ನೇ ತೆಗೆದುಬಿಟ್ಟಿದ್ದರು. ಹಾರೆ ಹಿಡಿದ ಅಷ್ಟೂ ಜನರನ್ನು ತೊಳೆದು, ಗುಡಿಸಿ, ಹೊರಗೆ ಹಾಕಿ, ಅಪ್ಪನನ್ನು ಒಬ್ಬನನ್ನೇ ಹಳಿಯ ಮೇಲೆ ಕೂರಿಸಿದ್ದರು. ಅವನು ಕೂಗುತ್ತಿದ್ದ, ಯಾರೂ ಓಗೊಡುತ್ತಿರಲಿಲ್ಲ. ಎಷ್ಟು ಚೆಂದದ ಮೌನವೆಂದು ಜನ ತಲೆದೂಗುತ್ತಿದ್ದರು. ಅಯ್ಯೋ ದೇವರೇ, ಇದು ಮೌನವಲ್ಲ ಎಂದು ಕಿರುಚಬೇಕೆನ್ನಿಸಿತು. ಮುಂದಿನ ಸಾಲು ಯಾವುದೆಂದು ನನಗೆ ಗೊತ್ತಿತ್ತು.

‘ನಮ್ಮ ಸುಶೀ ಸಾಲೀಗೆ ಹೊಂಟಾಳೋ...’

‘ಹೈಸಾ!’

ಹಿಂದಿನ ಬೆಂಚಿಗೂ ಕೇಳುವಂತೆ ಮೂವತ್ತೈದು ವರ್ಷ ಪಾಠ ಹೇಳಿದ ಗಂಟಲು ನನ್ನದು. ಸಭಾಂಗಣಕ್ಕೆ ಸಭಾಂಗಣವೇ ಬೆಚ್ಚಿತು. ನೂರಾರು ಮುಖ ತಿರುಗಿದವು. ಅನು ನನ್ನ ತೋಳು ಹಿಡಿದು ‘ದೊಡ್ಡವ್ವ!’ ಎಂದಳು. ಶುಭೋದಾರ ಕೈ ಗುಂಡಿಯ ಕಡೆ ಹೋಯಿತು. ನಾನು ಬೇಡ ಬೇಡ ಎಂದು ತಲೆ ಅಲ್ಲಾಡಿಸಿದೆ. ಅವರು ಕೈ ಹಿಂದೆ ತೆಗೆದುಕೊಂಡರು.

‘ಬುತ್ತೀ ಮರತಾಳೋ...’ ಎಂದ ಅಪ್ಪ.

‘ಹೈಸಾ!’

‘ತಿರುಗಿ ಬಂದಾಳೋ...’

‘ಹೈಸಾ!’ ಈ ಸಲ ಅನುವೂ ದನಿ ಸೇರಿಸಿದಳು. ನಡುಗುವ ದನಿ, ಆದರೂ ಹೊತ್ತಿಗೆ ಸರಿಯಾಗಿ ಬಂತು. ಮಿಠು ಕೋಲು ಎತ್ತಿ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಅದರ ಮುಂದಿನದಕ್ಕೆ ನಮ್ಮ ಜೊತೆ ಅವಳ ಡ್ರಮ್ಮೂ ಬಿತ್ತು, ಹಾರೆ ಬಿದ್ದ ಹಾಗೆ. ಮಂದಿ ನೋಡುತ್ತಿದ್ದರು. ನೋಡಲಿ ಬಿಡಿ ಎಂದು ನಾನು ಕಡೆಯ ಸಾಲಿನ ತನಕ ಕೂಗಿದೆ.

ಮುಗಿದ ಮೇಲೆ ಶುಭೋದಾ ವೇದಿಕೆಯ ಹಿಂದೆ ನನ್ನನ್ನು ಕೂರಿಸಿ ನೀರು ಕೊಟ್ಟರು. ಗ್ಯಾಂಗು, ಹಾರೆ, ಹೈಸಾ ಎಲ್ಲ ಬಿಡಿಸಿ ಹೇಳಿದೆ. ಅವರು ಎರಡೂ ಕೈಯಲ್ಲಿ ತಲೆ ಹಿಡಿದು ಕೂತರು.

‘ನಾವು ಅದನ್ನು ಗದ್ದಲ ಅಂದುಕೊಂಡೆವು’ ಎಂದರು.

‘ನಿಮಗೆ ಹೇಗೆ ಗೊತ್ತಾಗಬೇಕು?’ ಎಂದೆ. ‘ನನಗೆ ಗೊತ್ತಿತ್ತು. ಗೊತ್ತಿದ್ದವಳೇ ಒಂದು ಸಲ ಸುಮ್ಮನಿದ್ದೆ.’ ಗ್ಯಾಂಗನ್ನು ಮತ್ತೆ ಹಾಡಿಗೆ ತರುತ್ತೇವೆ ಎಂದರು ಶುಭೋದಾ. ತನ್ನಿ ಎಂದೆ.

ದಕ್ಷಿಣೇಶ್ವರ

ವಾಪಸು ರೈಲಿಗೆ ಇನ್ನೂ ಒಂದು ದಿನವಿತ್ತು. ನದಿ ತೋರಿಸುತ್ತೇನೆಂದು ಅನು ಬೆಳಗ್ಗೆ ಮೆಟ್ರೋದಲ್ಲಿ ದಕ್ಷಿಣೇಶ್ವರಕ್ಕೆ ಕರೆತಂದಳು. ಕಾಳಿಯ ಗುಡಿಗೆ ಹೋಗುವವರ ಸಾಲು ಬೀದಿಯ ತನಕ ಬಂದಿತ್ತು. ನಾವು ದೋಣಿ ಕಟ್ಟೆಗೆ ಇಳಿದೆವು. ಅನು ಟಿಕೆಟಿಗೆಂದು ಹೋದಳು. ನಾನು ಕಟ್ಟೆಯ ಕಬ್ಬಿಣದ ಕಂಬಿ ಹಿಡಿದು ನಿಂತೆ. ನಮ್ಮ ಕಡೆ ಹೊಳೆಗೆ ಎರಡು ದಡ ಕಣ್ಣಳತೆಯಲ್ಲಿ ಇರುತ್ತವೆ. ಇಲ್ಲಿ ಆಚೆ ದಡ ಮಂಜಿನಲ್ಲಿ ಇದ್ದೂ ಇಲ್ಲದ ಹಾಗಿತ್ತು.

ಒಂದು ಕೈಯಲ್ಲಿ ಕಂಬಿ ಹಿಡಿದೇ ಇನ್ನೊಂದು ಕೈಯಲ್ಲಿ ಫೋನು ತೆಗೆದು ಒತ್ತಿದೆ. ಅನು ಕಳಿಸಿದ್ದು ಹಳೆಯ ಟೇಪಿನ ಪ್ರತಿ, ಯಾರೂ ತೊಳೆಯದ್ದು. ಕಿವಿಗೆ ಹಚ್ಚಿ ಹಿಡಿದೆ.

ಎಲ್ಲರೂ ಇದ್ದರು. ಅಪ್ಪ ಕೂಗಿದ ಕೂಡಲೇ ‘ಹೈಸಾ’ ಎಂದು ಗುಡುಗಿದರು. ಅವರಲ್ಲಿ ಯಾರೋ ಕೆಮ್ಮಿದರು, ಯಾರೋ ಮೀಸೆಯ ಸಾಲಿಗೆ ನಕ್ಕರು, ನಕ್ಕದ್ದಕ್ಕೆ ಅಪ್ಪ ‘ಏ, ಕೈ ಮ್ಯಾಲ ನದರ್ ಇರ್ಲಿ’ ಎಂದು ಗದರಿಸಿದ. ಸುಶೀಯ ಸಾಲು ಬಂತು. ಅಷ್ಟೂ ಜನರು ಒಂದೇ ದನಿಯಲ್ಲಿ ನನ್ನನ್ನು ಶಾಲೆಗೆ ಕಳಿಸಿದರು. ಅವರ ಜೊತೆ ನಾನೂ ಮೆಲ್ಲಗೆ ಹೈಸಾ ಅಂದೆ. ಪಕ್ಕದಲ್ಲಿ ಹೂ ಬುಟ್ಟಿ ಇಟ್ಟುಕೊಂಡು ಕೂತವಳು ತಲೆ ಎತ್ತಿ ನೋಡಿದಳು.

ಕಡೆಯ ಸಾಲಾದ ಮೇಲೆ ಟೇಪು ಇನ್ನೂ ಸ್ವಲ್ಪ ಹೊತ್ತು ಓಡಿತು. ಬ್ಯಾಂಡಿನವರು ಇದನ್ನೂ ಕತ್ತರಿಸಿದ್ದರು. ಅಪ್ಪ ಹಳಿಗೆ ಕಣ್ಣು ಹಚ್ಚಿ ನೋಡುತ್ತಿರಬೇಕು, ಬರೀ ಗಾಳಿ. ಎಲ್ಲರೂ ಹಾರೆ ಹಿಡಿದೇ ಕಾಯುತ್ತಿದ್ದರು. ಟೇಪಿಗೆ ಕಿವಿಯಿಲ್ಲ, ನಾನು ಓಗೊಟ್ಟದ್ದು ಅದಕ್ಕೆ ಗೊತ್ತಿಲ್ಲ, ಇಷ್ಟು ತಿಳಿಯದಷ್ಟು ದಡ್ಡಿ ನಾನಲ್ಲ. ಆದರೂ ಉಸಿರು ಹಿಡಿದು ಕಾದೆ.

‘ಆತು’ ಎಂದ ಅಪ್ಪ. ‘ಬಿಡ್ರೆಪಾ.’

ಹಾರೆಗಳು ಒಂದೊಂದಾಗಿ ಜಲ್ಲಿಯ ಮೇಲೆ ಬಿದ್ದ ಸದ್ದು ಕೇಳಿತು. ನಾನು ಕಂಬಿಯಿಂದ ಕೈ ತೆಗೆದೆ. ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ತುಕ್ಕಿನ ಗುರುತು ಕೂತಿತ್ತು.